ಬಾಂಬರ್ ವಿಮಾನದಲ್ಲಿ ಹೋಗಿ ಮರಳದ ಹುಡುಗನ ಜಾಡು ಹಿಡಿಯುವುದು: ಮಲೆನಾಡಿನ ತೋಟದಿಂದ ಶುರುಮಾಡುವವರಿಗೆ

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಹಳೇ ಕಾಫಿ ತೋಟಗಳಲ್ಲಿ "ದೊರೆ ಮಗ ವಿಮಾನದಲ್ಲಿ ಯುದ್ಧಕ್ಕೆ ಹೋದೋನು ವಾಪಸ್ ಬರ್ಲಿಲ್ಲವಂತೆ" ಎನ್ನುವ ಮಾತು ಕಿವಿಗೆ ಬೀಳುವುದುಂಟು. ದೊರೆ ಎಂದರೆ ತೋಟದ ಬಿಳಿಯ ಮಾಲೀಕ. ತೋಟ ಕೈ ಬದಲಾಯಿಸಿದಾಗ ಬಂಗ್ಲೆಯ ಜೊತೆ ಒಂದು ಫೋಟೊ, ಒಂದು ಕಟ್ಟು ಕಾಗದ, ಗೋಡೆಗೆ ಹೊಡೆದ ಹಿತ್ತಾಳೆ ಫಲಕವೂ ಬಂದಿರಬಹುದು. ಇಷ್ಟೇ ಇದ್ದರೂ ಆ ಹುಡುಗ ಯಾವ ರಾತ್ರಿ, ಯಾವ ವಿಮಾನದಲ್ಲಿ, ಯಾರ ಜೊತೆ ಸತ್ತ ಎಂಬಲ್ಲಿಗೆ ಮನೆಯಲ್ಲೇ ಕೂತು ತಲುಪಲು ಸಾಧ್ಯ. ಬೇಕಾದದ್ದು ಇಂಟರ್ನೆಟ್, ಒಂದು ನೋಟ್‌ಬುಕ್, ಮತ್ತೆ ಹೆಸರಿನ ಬೆನ್ನು ಹತ್ತದಿರುವ ಶಿಸ್ತು.

ಹೆಸರಿನ ಬೆನ್ನು ಹತ್ತಿದವರು ದಾರಿ ತಪ್ಪುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ, ಅಂದರೆ ವಾಯುಪಡೆಯ ಬಾಂಬ್ ದಾಳಿ ವಿಭಾಗದಲ್ಲಿ, ಹಾರಿದವರು ಸುಮಾರು 1,25,000 ಮಂದಿ, ಅವರಲ್ಲಿ ಸತ್ತವರು 55,573. ಸ್ಮಿತ್, ಬ್ರೌನ್, ಟೇಲರ್ ಎಂದು ಹುಡುಕಿದರೆ ಒಂದೇ ಹೆಸರು, ಒಂದೇ ಇನಿಷಿಯಲ್ಲಿನ ಹತ್ತಾರು ಜನ ಸಿಗುತ್ತಾರೆ. ಹಿಡಿಯಬೇಕಾದದ್ದು ಮೂರು ಗುರುತುಗಳನ್ನು: ಸರ್ವಿಸ್ ನಂಬರ್, ಸ್ಕ್ವಾಡ್ರನ್ (ವಿಮಾನ ತುಕಡಿ) ಸಂಖ್ಯೆ, ವಿಮಾನದ ಸೀರಿಯಲ್ ನಂಬರ್. ಇವು ಕೈಗೆ ಬಂದ ಮೇಲೆ ಹುಡುಗನೊಬ್ಬನನ್ನೇ ಹುಡುಕುವುದನ್ನು ಬಿಟ್ಟು ಅವನ ಇಡೀ ಕ್ರೂವನ್ನು, ಅಂದರೆ ಆ ವಿಮಾನದಲ್ಲಿ ಜೊತೆಗೆ ಹಾರಿದ ತಂಡವನ್ನು, ಹುಡುಕಿ. ಒಬ್ಬನ ಕಡತದಲ್ಲಿ ಇಲ್ಲದ್ದು ಇನ್ನೊಬ್ಬನ ಕಡತದಲ್ಲಿ ಇರುತ್ತದೆ.

ಮನೆಯಲ್ಲಿರುವುದನ್ನು ಮೊದಲು ಓದಿ

ಫೋಟೊ ಇದ್ದರೆ ಎಡ ಎದೆಯ ಮೇಲಿನ ರೆಕ್ಕೆ ನೋಡಿ. ಎರಡೂ ಕಡೆ ರೆಕ್ಕೆಯಿದ್ದರೆ ಪೈಲಟ್. ಒಂದೇ ರೆಕ್ಕೆಯಿದ್ದು ಪಕ್ಕದ ಉಂಗುರದಲ್ಲಿ ಅಕ್ಷರವಿದ್ದರೆ ಅದೇ ಅವನ ಕೆಲಸ: ಎನ್ ಎಂದರೆ ನ್ಯಾವಿಗೇಟರ್, ಬಿ ಎಂದರೆ ಬಾಂಬ್ ಏಮರ್, ಇ ಎಂದರೆ ಫ್ಲೈಟ್ ಎಂಜಿನಿಯರ್, ಎಜಿ ಎಂದರೆ ಏರ್ ಗನ್ನರ್, ಎಸ್ ಎಂದರೆ ಸಿಗ್ನಲರ್ (ವೈರ್‌ಲೆಸ್ ನೋಡಿಕೊಳ್ಳುವವನು). ಒ ಎಂದಿದ್ದರೆ ಅಬ್ಸರ್ವರ್. 1942ರಲ್ಲಿ ಆ ಕೆಲಸವನ್ನು ನ್ಯಾವಿಗೇಟರ್ ಮತ್ತು ಬಾಂಬ್ ಏಮರ್ ಎಂದು ಎರಡಾಗಿ ಒಡೆದರು. ಹಾಗಾಗಿ ಒ ಹಾಕಿಕೊಂಡವನು ಅದಕ್ಕೂ ಮೊದಲೇ ತರಬೇತಿಗೆ ಸೇರಿದವನು ಎಂದು ಹಿಡಿಯಬಹುದು. ಟೋಪಿಯ ಮುಂದೆ ಬಿಳಿ ಪಟ್ಟಿ ಸಿಕ್ಕಿಸಿದ್ದರೆ ಇನ್ನೂ ತರಬೇತಿಯಲ್ಲಿದ್ದಾನೆ. ತೋಳಿನ ಮೇಲೆ ಮೂರು ಪಟ್ಟಿಯಿದ್ದರೆ ಸಾರ್ಜೆಂಟ್. 1940ರ ನಡುವಿನಿಂದಾಚೆ ಹಾರುವವರಿಗೆಲ್ಲ ಕನಿಷ್ಠ ಅದೇ ದರ್ಜೆ.

ಲಾಗ್‌ಬುಕ್, ಅಂದರೆ ಅವನ ಹಾರಾಟಗಳನ್ನು ಬರೆದಿಟ್ಟ ಪುಸ್ತಕ, ಸಿಕ್ಕಿದರೆ ಅದೃಷ್ಟ. ವಾರಸುದಾರರು ಕೇಳಿ ಪಡೆಯದ ಲಾಗ್‌ಬುಕ್‌ಗಳಲ್ಲಿ ಬಹುಪಾಲನ್ನು 1960ರ ಸುಮಾರಿಗೆ ನಾಶಮಾಡಿದರು. ಅದರಲ್ಲಿ ಕೆಂಪು ಶಾಯಿ ರಾತ್ರಿ ಹಾರಾಟಕ್ಕೆ. 'ಡಿಸಿಒ' ಎಂದರೆ ಒಪ್ಪಿಸಿದ ಕೆಲಸ ಮುಗಿಯಿತು, 'ಡಿಎನ್‌ಸಿಒ' ಎಂದರೆ ಮುಗಿಯಲಿಲ್ಲ. 'ಗಾರ್ಡನಿಂಗ್' ಓದಿ ತೋಟದ ಕೆಲಸ ಅಂದುಕೊಳ್ಳಬೇಡಿ, ಅದು ಸಮುದ್ರದಲ್ಲಿ ಮೈನ್ ಬಿತ್ತುವುದು. 'ನಿಕ್ಕಲ್' ಕರಪತ್ರ ಉದುರಿಸುವುದು, 'ಬುಲ್ಸ್‌ಐ' ತರಬೇತಿ ಹಾರಾಟ, 'ಕುಕಿ' 4,000 ಪೌಂಡಿನ ಬಾಂಬು. ಕೊನೆಯ ಸಾಲಿನಲ್ಲಿ ಬೇರೆಯವರ ಕೈಬರಹದಲ್ಲಿ 'ಎಫ್‌ಟಿಆರ್' ಇದ್ದರೆ ಮರಳಲಿಲ್ಲ ಎಂದರ್ಥ.

ತಂತಿ ಮತ್ತು ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಸಾಮಾನ್ಯವಾಗಿ ಮೊದಲು 'ಕಾಣೆಯಾಗಿದ್ದಾನೆ' ಎಂಬ ತಂತಿ, ಆಮೇಲೆ ಸ್ಕ್ವಾಡ್ರನ್ ಕಮಾಂಡರನ ಪತ್ರ, ಜಿನೀವಾದ ರೆಡ್‌ಕ್ರಾಸ್ ಮೂಲಕ ಜರ್ಮನಿಯಿಂದ ಬಂದ ಸುದ್ದಿ ಇದ್ದರೆ ಅದು, ಸುಮಾರು ಆರು ತಿಂಗಳಾದರೂ ಏನೂ ತಿಳಿಯದಿದ್ದರೆ 'ಸತ್ತನೆಂದು ಭಾವಿಸಲಾಗಿದೆ' ಎಂಬ ಕಾಗದ. ಈ ಕೊನೆಯ ಕಾಗದದ ತಾರೀಖನ್ನೇ ಸತ್ತ ದಿನವೆಂದು ಬರೆದುಕೊಂಡ ಮನೆಗಳಿವೆ. ಕೋಲ್ನ್‌ಬ್ರೂಕ್ ಎಂಬ ಊರಿನಿಂದ ಬಂದ ಪತ್ರವಿದ್ದರೆ ಅದು ಅವನ ಬಟ್ಟೆಬರೆ, ವಾಚು, ಪುಸ್ತಕಗಳ ಪಟ್ಟಿ. ವಾಯುಪಡೆ ಸತ್ತವರ ಸಾಮಾನನ್ನು ಇಟ್ಟಿದ್ದ ಕೇಂದ್ರ ಅಲ್ಲಿತ್ತು.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಹುಡುಕಾಟ

ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆಯ ತಾಣದಲ್ಲಿ ಹುಡುಕುವುದು ಎರಡನೇ ಹೆಜ್ಜೆ. ಪುಕ್ಕಟೆ. ಅಡ್ಡಹೆಸರು, ಒಂದೇ ಒಂದು ಇನಿಷಿಯಲ್, ಎರಡನೇ ಮಹಾಯುದ್ಧ, ವಾಯುಪಡೆ ಇಷ್ಟನ್ನೇ ಕೊಡಿ. ಪೂರ್ತಿ ಹೆಸರು ಕೊಟ್ಟರೆ ಇನಿಷಿಯಲ್ ಮಾತ್ರ ದಾಖಲಾಗಿರುವವನು ಜಾರಿಹೋಗುತ್ತಾನೆ. ಹೆಚ್ಚುವರಿ ಮಾಹಿತಿಯ ಅಂಕಣದಲ್ಲಿ ಊರಿನ ಹೆಸರಿನಿಂದಲೂ ಹುಡುಕಬಹುದು, ಆದರೆ ನಮ್ಮೂರುಗಳನ್ನು ಅವರು ಬರೆದ ರೀತಿಗೆ ಲೆಕ್ಕವಿಲ್ಲ. ಚಿಕ್ಕಮಗಳೂರನ್ನು 'ಸಿ' ನಂತರ 'ಕೆ' ಇಟ್ಟೂ ಇಡದೆಯೂ ಹುಡುಕಿ. ಸಕಲೇಶಪುರಕ್ಕೆ 'ಎಚ್' ಇಲ್ಲದ ರೂಪವೂ ಇದೆ, ಮೂಡಿಗೆರೆಗೆ ನಡುವಿನ ಸ್ವರವಿಲ್ಲದ ರೂಪವೂ ಇದೆ. ಸಕಲೇಶಪುರದ ಬದಲು ಮಂಜರಾಬಾದ್ ಎಂದಿರಬಹುದು. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ ಆಗಿದ್ದರಿಂದ ಕಡೂರು ಎಂದು ಕಂಡರೆ ಕಡೂರು ಪಟ್ಟಣಕ್ಕೆ ಓಡಬೇಡಿ. ಬರೀ 'ಮೈಸೂರು ಸ್ಟೇಟ್' ಅಥವಾ 'ಸೌತ್ ಇಂಡಿಯಾ' ಎಂದು ಮುಗಿಸಿದ್ದೂ ಉಂಟು.

ನಮ್ಮೂರು ಎಲ್ಲೂ ಕಾಣದಿದ್ದರೆ ಅವನು ಇವನಲ್ಲ ಎಂದು ಕೈಬಿಡಬೇಡಿ. ಆ ಅಂಕಣ ತುಂಬಿದ್ದು ಯುದ್ಧ ಮುಗಿದ ಮೇಲೆ, ತಂದೆತಾಯಿ ಕಳಿಸಿದ ಫಾರಂನಿಂದ. ಅಷ್ಟೊತ್ತಿಗೆ ತೋಟ ಮಾರಿ ಹೊರಟವರ ವಿಳಾಸ ಇಂಗ್ಲೆಂಡಿನದ್ದಾಗಿರುತ್ತದೆ. ಫಾರಂ ಕಳಿಸದೇ ಇದ್ದವರ ಮಗನ ಮುಂದೆ ವಯಸ್ಸೂ ಇರುವುದಿಲ್ಲ, ಅಪ್ಪನ ಹೆಸರೂ ಇರುವುದಿಲ್ಲ.

ಪುಟದ ಕೆಳಗೆ ಸ್ಕ್ಯಾನ್ ಮಾಡಿಟ್ಟ ಮೂಲ ಕಾಗದಗಳಿದ್ದರೆ ಇಳಿಸಿಕೊಳ್ಳಿ. ಬಹಳ ಜನ ಇದನ್ನು ನೋಡದೆ ಮುಂದೆ ಹೋಗುತ್ತಾರೆ. ಜರ್ಮನ್ನರು ಹಳ್ಳಿಯ ಚರ್ಚಿನಂಗಳದಲ್ಲಿ ಹೂತವರನ್ನು ಯುದ್ಧದ ನಂತರ ತೆಗೆದು ರೈಷ್‌ವಾಲ್ಡ್, ರೈನ್‌ಬರ್ಗ್, ಡರ್ನ್‌ಬಾಕ್, ಬರ್ಲಿನ್ ಮುಂತಾದ ದೊಡ್ಡ ಸ್ಮಶಾನಗಳಿಗೆ ಸೇರಿಸಿದರು. ಹಾಗೆ ಸೇರಿಸಿದ ಕಾಗದದಲ್ಲಿ ಮೊದಲು ಹೂತಿದ್ದ ಜಾಗ ಸಿಗುತ್ತದೆ, ಅಂದರೆ ವಿಮಾನ ಬಿದ್ದ ಜಾಗದ ಆಸುಪಾಸು. ಒಂದೇ ಕ್ರೂವಿನ ನಾಲ್ಕೈದು ಮಂದಿಗೆ ಜಂಟಿ ಸಮಾಧಿ ಎಂದಿದ್ದರೆ ದೇಹಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗಲಿಲ್ಲ ಎಂದೇ ಅರ್ಥ. ಕೊರಳಿನ ಗುರುತಿನ ಬಿಲ್ಲೆ ನಾರಿನಿಂದ ಮಾಡಿದ್ದು, ಬೆಂಕಿಗೆ ಉಳಿಯುತ್ತಿರಲಿಲ್ಲ. ಗುರುತು ಹಿಡಿದದ್ದು ತೋಳಿನ ಪಟ್ಟಿ, ಎದೆಯ ರೆಕ್ಕೆ, ಅಂಗಿಯ ಮೇಲಿನ ದೋಬಿ ಗುರುತುಗಳಿಂದ. ಕಲ್ಲಿನ ಬುಡದಲ್ಲಿ ಮನೆಯವರು ಆರಿಸಿದ ಸಾಲಿಗೆ ಇಷ್ಟೇ ಅಕ್ಷರ ಎಂಬ ಮಿತಿ ಇತ್ತು, ಅದಕ್ಕೇ ಅವು ಅಷ್ಟು ಚಿಕ್ಕವು.

ಸಮಾಧಿಯೇ ಇಲ್ಲದವನ ಹೆಸರು ಎಲ್ಲಿ ಕೆತ್ತಿದ್ದಾರೆ ಎನ್ನುವುದೇ ಅವನು ಎಲ್ಲಿಂದ ಹಾರಿದ ಎಂಬುದಕ್ಕೆ ಸುಳಿವು. ಬ್ರಿಟನ್ ಮತ್ತು ವಾಯವ್ಯ ಯುರೋಪಿನ ನೆಲೆಗಳಿಂದ ಹೊರಟವರು ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕದಲ್ಲಿ. 1953ರಲ್ಲಿ ತೆರೆದ ಅಲ್ಲಿ 20 ಸಾವಿರಕ್ಕೂ ಹೆಚ್ಚು ಹೆಸರಿವೆ. ಈಜಿಪ್ಟ್ ಕಡೆಯವರು ಅಲಮೀನ್‌ನಲ್ಲಿ, ಮೆಡಿಟರೇನಿಯನ್ ಕಡೆಯ ಅನೇಕರು ಮಾಲ್ಟಾದಲ್ಲಿ, ಬರ್ಮಾ ಮತ್ತು ಪೂರ್ವದ ಆಕಾಶದಲ್ಲಿ ಕಳೆದುಹೋದವರು ಸಿಂಗಪುರದಲ್ಲಿ.

ಸರ್ವಿಸ್ ನಂಬರ್ ಇಲ್ಲಿ ಸಿಕ್ಕ ತಕ್ಷಣ ಬರೆದುಕೊಳ್ಳಿ. ಸಾರ್ಜೆಂಟ್ ಆಗಿದ್ದವನಿಗೆ ಕಮಿಷನ್ (ಅಧಿಕಾರಿ ದರ್ಜೆ) ಸಿಕ್ಕಿದ್ದರೆ ಅವನಿಗೆ ಎರಡು ನಂಬರ್, ಒಂದು ಏಳಂಕಿಯದ್ದು, ಇನ್ನೊಂದು ಅಧಿಕಾರಿಯಾದ ಮೇಲಿನ ಚಿಕ್ಕದು. ಒಂದರಲ್ಲಿ ಹುಡುಕಿ 'ದಾಖಲೆ ಇಲ್ಲ' ಎಂದು ಬಂದರೆ ಇನ್ನೊಂದನ್ನು ಹಾಕಿ. ಕಮಿಷನ್ ಸಿಕ್ಕ ದಿನ ಬ್ರಿಟಿಷ್ ಸರ್ಕಾರದ ರಾಜಪತ್ರ ಲಂಡನ್ ಗೆಜೆಟ್‌ನಲ್ಲಿ ಇರುತ್ತದೆ, ಅದೂ ಪುಕ್ಕಟೆ. ಸತ್ತ ಮೇಲೆ ಗೆಜೆಟ್ ಆದ ಕಮಿಷನ್ನುಗಳೂ ಇವೆ. ಒಂದು ಕಾಗದದಲ್ಲಿ ಸಾರ್ಜೆಂಟ್, ಇನ್ನೊಂದರಲ್ಲಿ ಪೈಲಟ್ ಆಫೀಸರ್ (ಇದು ಅಧಿಕಾರಿಯ ದರ್ಜೆ, ಕೆಲಸದ ಹೆಸರಲ್ಲ) ಎಂದು ಕಂಡರೆ ಇಬ್ಬರು ಎಂದುಕೊಳ್ಳುವ ಮುನ್ನ ಇದನ್ನು ನೋಡಿ.

ಆ ರಾತ್ರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಲಂಡನ್ನಿನ ಕ್ಯೂದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಎಂಬ ಸರಣಿಯಿದೆ, ಸ್ಕ್ವಾಡ್ರನ್‌ಗಳ ದಿನಚರಿ. ಕ್ಯಾಟಲಾಗಿನಲ್ಲಿ ಸ್ಕ್ವಾಡ್ರನ್ ಸಂಖ್ಯೆ, ತಿಂಗಳು, ವರ್ಷ ಹಾಕಿ ಹುಡುಕಿ. ಎರಡು ಬಗೆಯ ಹಾಳೆಗಳಿರುತ್ತವೆ. ಫಾರಂ 540 ಆ ತಿಂಗಳ ಸಾರಾಂಶ: ಹವಾಮಾನ, ಯಾರು ಬಂದರು, ಯಾರು ಹೋದರು. ಫಾರಂ 541 ನಿಮಗೆ ನಿಜವಾಗಿ ಬೇಕಾದದ್ದು: ವಿಮಾನದ ಸೀರಿಯಲ್, ಕ್ರೂವಿನ ಹೆಸರುಗಳು, ಏರಿದ ಹೊತ್ತು, ಇಳಿದ ಹೊತ್ತು, ವರದಿ. ಇವೆರಡನ್ನೂ ಬೇರೆ ಬೇರೆ ಕಡತ ಮಾಡಿರುವುದುಂಟು, ಆದ್ದರಿಂದ ಹಣ ಕಟ್ಟುವ ಮುನ್ನ ವಿವರಣೆ ಓದಿ. ಮರಳದವನ ಮುಂದೆ ಇಳಿದ ಹೊತ್ತು ಖಾಲಿ, ವರದಿಯ ಜಾಗದಲ್ಲಿ ಏರಿದ ನಂತರ ಸುದ್ದಿಯಿಲ್ಲ ಎಂಬರ್ಥದ ಒಂದೇ ಸಾಲು.

ಸತ್ತ ದಿನಕ್ಕೆ ನೇರವಾಗಿ ಹಾರಿ ಅಲ್ಲೇ ನಿಲ್ಲಬೇಡಿ. ಕೊನೆಯ ಹಾರಾಟದಿಂದ ಹಿಂದಕ್ಕೆ, ಅವನು ಆ ಸ್ಕ್ವಾಡ್ರನ್‌ಗೆ ಬಂದ ದಿನದವರೆಗೆ ಒಂದೊಂದೇ ಹಾಳೆ ಓದಿ ಪಟ್ಟಿ ಮಾಡಿ. ದಿನಾಂಕ, ಸೀರಿಯಲ್, ಗುರಿ, ಏಳು ಜಾಗಗಳಲ್ಲಿ ಯಾರ್‍ಯಾರು, ಹೊತ್ತು, ವರದಿ ಎಂದು ಅಂಕಣ ಹಾಕಿ. ಬಾಂಬರ್ ವಿಮಾನ ಲ್ಯಾಂಕಾಸ್ಟರ್ ಅಥವಾ ಹ್ಯಾಲಿಫ್ಯಾಕ್ಸ್ ಆದರೆ ಏಳು ಮಂದಿ: ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಮೇಲಿನ ಗನ್ನರ್, ಬಾಲದ ಗನ್ನರ್. ವೆಲ್ಲಿಂಗ್ಟನ್ ಆದರೆ ಐದೋ ಆರೋ. ಪಟ್ಟಿ ಆದಾಗ ಕಾಯಂ ಕ್ರೂ ಯಾರು, ಆ ರಾತ್ರಿ ಬದಲಿಗೆ ಹತ್ತಿದವನು ಯಾರು ಎನ್ನುವುದು ತಾನಾಗಿ ಕಾಣುತ್ತದೆ. ನಿಮ್ಮ ಹುಡುಗನೇ ಬೇರೆಯವರ ಕ್ರೂವಿನಲ್ಲಿ ಬದಲಿಯಾಗಿ ಹೋಗಿರಬಹುದು. ಹಾಗಿದ್ದರೆ ಫೋಟೊದಲ್ಲಿ ಅವನ ಜೊತೆ ನಿಂತವರು ಅವನ ಜೊತೆ ಸತ್ತವರಲ್ಲ. ಗುಂಪು ಫೋಟೊಗೆ ಹೆಸರು ಹಚ್ಚುವವರು ಎಡವುವುದು ಇಲ್ಲೇ.

ಎಷ್ಟನೇ ಹಾರಾಟ ಎಂಬ ಲೆಕ್ಕವೂ ಸುಲಭವಿಲ್ಲ. ಒಂದು ಸರದಿಗೆ ಸಾಮಾನ್ಯವಾಗಿ 30 ಹಾರಾಟ. ಹೊಸ ಪೈಲಟ್ ತನ್ನವರನ್ನು ಕರೆದೊಯ್ಯುವ ಮೊದಲು ಅನುಭವಸ್ಥ ಪೈಲಟ್ ಪಕ್ಕದಲ್ಲಿ ಕೂತು ಹೋಗುತ್ತಿದ್ದ, ಅವರ ಮಾತಿನಲ್ಲಿ 'ಸೆಕೆಂಡ್ ಡಿಕಿ'. ಆದ್ದರಿಂದ ಪೈಲಟ್‌ನ ಎಣಿಕೆ ಉಳಿದವರಿಗಿಂತ ಒಂದೆರಡು ಹೆಚ್ಚು ಬಂದರೆ ನಿಮ್ಮ ಪಟ್ಟಿಯಲ್ಲಿ ತಪ್ಪಿಲ್ಲ.

ದಿನಾಂಕವನ್ನು ಯಾವಾಗಲೂ ಜೋಡಿಯಾಗಿ ಬರೆಯಿರಿ. ನ್ಯೂರೆಂಬರ್ಗ್ ದಾಳಿ 1944ರ ಮಾರ್ಚ್ 30/31ರ ರಾತ್ರಿಯದು. 795 ವಿಮಾನ ಹೊರಟು 95 ಮರಳಲಿಲ್ಲ. ಏರಿದ್ದು 30ರಂದು, ಬಿದ್ದದ್ದು ಹೆಚ್ಚಾಗಿ ಮಧ್ಯರಾತ್ರಿ ದಾಟಿದ ಮೇಲೆ. ಒಂದು ದಾಖಲೆ 30 ಎನ್ನುತ್ತದೆ, ಇನ್ನೊಂದು 31 ಎನ್ನುತ್ತದೆ. ಎರಡೂ ಒಂದೇ ಸಾವು. ಪಟ್ಟಿಯಲ್ಲಿ ಒಂದೇ ದಿನ ಹಾಕಿ ಹುಡುಕಿದರೆ ಅರ್ಧ ಕಡತಗಳು ಕಾಣುವುದೇ ಇಲ್ಲ.

ವಿಮಾನದ ಮೈಮೇಲಿನ ದೊಡ್ಡ ಅಕ್ಷರಗಳನ್ನು ನಂಬಬೇಡಿ. ಮೊದಲೆರಡು ಸ್ಕ್ವಾಡ್ರನ್‌ನವು, ಮೂರನೆಯದು ಆ ವಿಮಾನದ್ದು, ಒಂದು ಬಿದ್ದರೆ ಅದೇ ಅಕ್ಷರ ಹೊಸ ವಿಮಾನಕ್ಕೆ ಹೋಗುತ್ತಿತ್ತು. ಲಂಡನ್ನಿನ ವಾಯುಪಡೆ ಮ್ಯೂಸಿಯಮ್ಮಿನಲ್ಲಿರುವ ಆರ್ 5868 ಎಂಬ ಲ್ಯಾಂಕಾಸ್ಟರ್ 83ನೇ ಸ್ಕ್ವಾಡ್ರನ್‌ನಲ್ಲಿ 'ಕ್ಯೂ' ಆಗಿತ್ತು, 467ನೇ ಸ್ಕ್ವಾಡ್ರನ್‌ಗೆ ಬಂದು 'ಎಸ್' ಆಯಿತು. ಬದಲಾಗದ್ದು ಸೀರಿಯಲ್ ಮಾತ್ರ.

ಸೀರಿಯಲ್ ಮತ್ತು ರಾತ್ರಿ ಗೊತ್ತಾದ ಮೇಲೆ ಲಿಂಕನ್‌ನ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್ ಇಟ್ಟಿರುವ ಮೃತರ ಡೇಟಾಬೇಸ್ ತೆರೆಯಿರಿ. ಸುಮಾರು 58 ಸಾವಿರ ಹೆಸರು, ಕ್ರೂ ಪ್ರಕಾರ ಕೊಂಡಿ ಹಾಕಿದೆ. ಅಲ್ಲಿರುವುದನ್ನು ದಿನಚರಿಗೆ ತಾಳೆ ನೋಡಿ, ಬರೀ ನಕಲು ಮಾಡಬೇಡಿ.

ಬಿದ್ದದ್ದು ಹೇಗೆ ಎಂಬ ಕಡತಗಳು

ಬ್ರಿಟಿಷ್ ವಾಯುಪಡೆಯ ಸಾವುನೋವಿನ ಶಾಖೆಯ ಕಡತಗಳು 'ಏರ್ 81'ರಲ್ಲಿವೆ. 1939ರಿಂದ ಶುರುವಾಗಿ ಕಂತುಕಂತಾಗಿ ಬಿಡುಗಡೆಯಾಗುತ್ತಿವೆ. ನಿಮಗೆ ಬೇಕಾದ ತಿಂಗಳು ಸಿಗದಿದ್ದರೆ ಪಕ್ಕದ ಬಾಗಿಲು ತಟ್ಟಿ: ಕ್ರೂವಿನಲ್ಲಿ ಆಸ್ಟ್ರೇಲಿಯಾದವನು ಇದ್ದನೇ? ಇದ್ದರೆ ಕ್ಯಾನ್‌ಬೆರಾದ ನ್ಯಾಷನಲ್ ಆರ್ಕೈವ್ಸ್‌ನ 'ಎ 705' ಸರಣಿಯಲ್ಲಿ ಅವನ ಹೆಸರಿನ ಕಡತ ಹುಡುಕಿ. ಎಷ್ಟೋ ಕಡತಗಳನ್ನು ಪುಕ್ಕಟೆ ಓದಬಹುದು. ಅದರಲ್ಲಿ ಬದುಕಿ ಬಂದವರ ಹೇಳಿಕೆ, ಹಳ್ಳಿಯವರ ಮಾತು, ಯುದ್ಧದ ನಂತರ ಊರೂರು ಅಲೆದು ಕಾಣೆಯಾದವರನ್ನು ಹುಡುಕಿದ ತಂಡದ ವರದಿ, ಸಮಾಧಿ ತೆರೆದಾಗ ಕಂಡದ್ದು, ಎಲ್ಲ ಇರಬಹುದು. ಅದು ಇಡೀ ಕ್ರೂವಿಗೆ ಸೇರಿದ್ದು, ನಿಮ್ಮ ಹುಡುಗನ ಹೆಸರೂ ಅದರಲ್ಲೇ ಇರುತ್ತದೆ. ಕೆನಡಾದವನಿದ್ದರೆ ಅಲ್ಲಿನ ಲೈಬ್ರರಿ ಅಂಡ್ ಆರ್ಕೈವ್ಸ್‌ನಲ್ಲಿ ಮೃತರ ಸೇವಾ ಕಡತ, ನ್ಯೂಜಿಲೆಂಡಿನವನಾದರೆ ಆಕ್ಲೆಂಡ್ ಮ್ಯೂಸಿಯಮ್ಮಿನ ಆನ್‌ಲೈನ್ ಸೆನೊಟಾಫ್. ಈ ಕಡತಗಳಲ್ಲಿ ದೇಹಗಳ ಸ್ಥಿತಿ ಮುಚ್ಚುಮರೆಯಿಲ್ಲದೆ ಬರೆದಿರುತ್ತದೆ. ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದುವ ಮೊದಲು ನೀವೊಬ್ಬರೇ ಓದಿ.

ಯಾರು ಬದುಕಿದರು, ಯಾರು ಇಲ್ಲ ಎನ್ನುವುದಕ್ಕೆ ವಿಮಾನದ ರಚನೆಯೂ ಕಾರಣ. ಲ್ಯಾಂಕಾಸ್ಟರ್‌ನ ಮೂತಿಯ ತಳದಲ್ಲಿದ್ದ ಪಾರಾಗುವ ಬಾಗಿಲಿನ ಅಗಲ 22 ಅಂಗುಲ, ಹ್ಯಾಲಿಫ್ಯಾಕ್ಸ್‌ನದು 24. ದಪ್ಪ ಬಟ್ಟೆ, ಪ್ಯಾರಾಶೂಟ್ ಕಟ್ಟಿಕೊಂಡು, ಕತ್ತಲಲ್ಲಿ, ಸುತ್ತುತ್ತ ಬೀಳುವ ವಿಮಾನದಲ್ಲಿ ಆ ಎರಡು ಅಂಗುಲ ಲೆಕ್ಕಕ್ಕೆ ಬರುತ್ತಿತ್ತು.

ಹುಡುಗ ಶತ್ರುವಿನ ಮೇಲೆ ಹಾರದೆಯೇ ಸತ್ತಿರಬಹುದು. ಬಾಂಬರ್ ಕಮಾಂಡಿನ ಸಾವುಗಳಲ್ಲಿ 8 ಸಾವಿರಕ್ಕೂ ಹೆಚ್ಚು ತರಬೇತಿ ಮತ್ತು ಅಪಘಾತದವು. ಯೂನಿಟ್‌ನ ಹೆಸರಿನಲ್ಲಿ ಸ್ಕ್ವಾಡ್ರನ್ ಬದಲು 'ಒಟಿಯು' ಅಥವಾ 'ಎಚ್‌ಸಿಯು' ಎಂದಿದ್ದರೆ ಅದು ತರಬೇತಿ ಘಟಕ. ಅಂಥವರಿಗೆ 'ಏರ್ 27'ರಲ್ಲಿ ಹುಡುಕಿ ಸುಸ್ತಾಗಬೇಡಿ, 'ಏರ್ 29' ನೋಡಿ, ಜೊತೆಗೆ ವಾಯುಪಡೆ ಮ್ಯೂಸಿಯಮ್ಮಿಗೆ ಬರೆದು ಫಾರಂ 1180 ಎಂಬ ಅಪಘಾತದ ಕಾರ್ಡ್ ಕೇಳಿ.

ಬರ್ಮಾ ಕಡೆ ಹಾರಿದವನಾದರೆ

159, 355, 356ನೇ ಸ್ಕ್ವಾಡ್ರನ್‌ಗಳ ಲಿಬರೇಟರ್ ಬಾಂಬರ್‌ಗಳು ಬಂಗಾಳದ ದಿಗ್ರಿ, ಸಾಲ್ಬನಿ ನೆಲೆಗಳಿಂದ ರಂಗೂನ್ ಮತ್ತು ಬರ್ಮಾ–ಸಯಾಮ್ ರೈಲುದಾರಿಯತ್ತ ಹಾರುತ್ತಿದ್ದವು. ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು 1944ರಲ್ಲಿ ವೆಂಜನ್ಸ್ ಎಂಬ ಇಬ್ಬರು ಕೂರುವ ಡೈವ್ ಬಾಂಬರ್ ಹಾರಿಸಿದವು. ಹುಡುಗ ನಮ್ಮವನೇ, ಕನ್ನಡದ ಮನೆಯವನೇ ಆಗಿದ್ದರೆ ಹುಡುಕಬೇಕಾದ್ದು ಇಲ್ಲಿ. ಭಾರತೀಯ ವಾಯುಪಡೆಯ ಅಧಿಕಾರಿಗಳ ಹೆಸರು, ನಂಬರ್‌ಗಳಿಗೆ ಭಾರತ್ ರಕ್ಷಕ್ ತಾಣದ ಪಟ್ಟಿ ಒಳ್ಳೆಯ ಶುರುವಾತು. 1945ರ ಮಾರ್ಚಿನಲ್ಲಿ ಪಡೆಯ ಹೆಸರಿಗೆ 'ರಾಯಲ್' ಸೇರಿತು, ಹಾಗಾಗಿ ಹಳೇ ಕಾಗದದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಸಂಕ್ಷೇಪ ಕಂಡರೆ ಗಾಬರಿಯಾಗಬೇಡಿ. ಇನ್ನೊಂದು ತೊಡಕು ಗಡಿಯಾರದ್ದು: 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಸಮಯ ಈಗಿನದಕ್ಕಿಂತ ಒಂದು ಗಂಟೆ ಮುಂದಿತ್ತು.

'ಮೈಸೂರು ಸ್ಕ್ವಾಡ್ರನ್' ಎಂಬ ಹೆಸರು ಕಂಡು ಹಿಗ್ಗುವವರಿಗೆ ಒಂದು ಮಾತು. ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ ಆ ಹೆಸರಿತ್ತು, ಲಾಂಛನದಲ್ಲಿ ಗಂಡಭೇರುಂಡವೂ ಇತ್ತು. ಆದರೆ ಹೆಸರು ಬಂದದ್ದು ಮೈಸೂರು ಸಂಸ್ಥಾನ ಕೊಟ್ಟ ಹಣದಿಂದ, ಸೇರಿದ ಜನರಿಂದಲ್ಲ. ಅದು ಸ್ಪಿಟ್‌ಫೈರ್ ಹಾರಿಸಿದ ಫೈಟರ್ ಸ್ಕ್ವಾಡ್ರನ್. ನಿಮ್ಮ ಬಾಂಬರ್ ಹುಡುಗ ಅಲ್ಲಿರಲಾರ.

ಊರಲ್ಲಿ ಮಾಡಬೇಕಾದ್ದು

ಹುಟ್ಟು, ದೀಕ್ಷಾಸ್ನಾನದ ದಾಖಲೆಗೆ ಚರ್ಚಿನ ರಿಜಿಸ್ಟರ್ ಕೇಳಿ. ಅದರ ನಕಲು ಹಲವು ಸಲ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿದೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ 'ಎನ್ 2' ಮದ್ರಾಸಿನ ಸರಣಿ. ಶಾಲೆ ಬೆಂಗಳೂರಿನ ಬಿಷಪ್ ಕಾಟನ್ ಇರಬಹುದು, ನೀಲಗಿರಿಯದ್ದಿರಬಹುದು, ಇಂಗ್ಲೆಂಡಿನದ್ದೂ ಇರಬಹುದು. ಯಾವುದಾದರೂ ಮೃತ ವಿದ್ಯಾರ್ಥಿಗಳ ಪಟ್ಟಿ ಇದೆಯೇ ಎಂದು ಬರೆದು ಕೇಳಿ. ತೋಟಗಾರರ ಸಂಘಟನೆ ಉಪಾಸಿಯ 'ಪ್ಲಾಂಟರ್ಸ್ ಕ್ರಾನಿಕಲ್' ಪತ್ರಿಕೆಯ ಆ ವರ್ಷಗಳ ಸಂಚಿಕೆಗಳನ್ನೂ ನೋಡಿ. ಒಂದೇ ತೋಟಕ್ಕೆ ದೊರೆ ಇಟ್ಟ ಹೆಸರು ಬೇರೆ, ಆಳುಗಳು ಕರೆದ ಹೆಸರು ಬೇರೆ, ಪಹಣಿಯಲ್ಲಿ ಬರುವ ಊರು ಬೇರೆ. ಮೂರನ್ನೂ ಒಂದೇ ಸಾಲಲ್ಲಿ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆ) ಅಜ್ಜ ಅಜ್ಜಿಯರನ್ನು ಕೇಳುವಾಗ "ವಿಮಾನಕ್ಕೆ ಬೆಂಕಿ ಬಿತ್ತಂತೆ, ಹೌದಾ?" ಎಂದು ಉತ್ತರವನ್ನು ನೀವೇ ಕೊಡಬೇಡಿ. "ಆಗ ರೈಟರ್ ಯಾರಿದ್ರು, ದೊರೆ ಯಾವಾಗ ತೋಟ ಬಿಟ್ರು?" ಎಂದು ಕೇಳಿ. ಆ ಉತ್ತರವನ್ನು ದಾಖಲೆಗೆ ತಾಳೆ ನೋಡಬಹುದು.

ತೋಟದ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲಿದ್ದರೆ ಅದು ನೆನಪಿನ ಕಲ್ಲು, ಸಮಾಧಿಯಲ್ಲ. ಯುರೋಪಿನಲ್ಲಿ ಸತ್ತವರ ದೇಹವನ್ನು ಮನೆಗೆ ತರುವ ಪದ್ಧತಿಯೇ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ, ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ನೆರಳಲ್ಲಿದ್ದರೆ ಪಕ್ಕದಿಂದ ಕನ್ನಡಿ ಹಿಡಿದು ಬೆಳಕು ಹಾಯಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಾಚಿ ಕೆರೆಯಲು ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪೌಡರ್ ಬೇಡ, ಅಕ್ಷರಕ್ಕೆ ಸೀಮೆಸುಣ್ಣವೂ ಬೇಡ. ನೀರು, ಮೆತ್ತನೆಯ ನಾರು ಬ್ರಷ್ ಸಾಕು.

ಬರೆದಿಡುವಾಗ ಪ್ರತಿ ಸಂಗತಿಯ ಪಕ್ಕ 'ದಾಖಲೆ', 'ಬಾಯಿಮಾತು', 'ಊಹೆ' ಎಂದು ಮೂರರಲ್ಲೊಂದು ಹಾಕಿ, ದಾಖಲೆಯಾದರೆ ಕಡತದ ಸಂಖ್ಯೆ ಸಮೇತ. ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಲು ಅರ್ಜಿ ಹಾಕಬಹುದು, ಆದರೆ ಜೊತೆಗೆ ದಾಖಲೆಯ ಪ್ರತಿ ಇರಬೇಕು, ಮನೆಯವರ ನೆನಪು ಸಾಲದು.

ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ನಮ್ಮ ಆಷಾಢದ ಥಂಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೂಷ್ಟು ಹಿಡಿಯುವುದು ಖಂಡಿತ. ಆಮ್ಲರಹಿತ ಕಾಗದದ ಲಕೋಟೆ, ತಗಡಿನ ಪೆಟ್ಟಿಗೆ, ಆಗಾಗ ಬದಲಿಸುವ ಸಿಲಿಕಾ ಜೆಲ್, ಇಷ್ಟು ಸಾಕು. ಫೋಟೊ ಹಿಂದೆ ಬರೆಯಲೇಬೇಕಾದರೆ ಪೆನ್ಸಿಲ್. ಸ್ಕ್ಯಾನ್ ಮಾಡುವಾಗ ಫೋಟೊಗೆ 600 ಡಿಪಿಐ, ಕಾಗದಕ್ಕೆ 300. ಆಲ್ಬಮ್ಮಿನಿಂದ ಕೀಳಬೇಡಿ, ಪುಟ ಸಮೇತ ತೆಗೆಯಿರಿ.

ಪದಕಗಳಿದ್ದರೆ ಅವೂ ದಿನಾಂಕ ಹೇಳುತ್ತವೆ. ಏರ್‌ಕ್ರೂ ಯುರೋಪ್ ಸ್ಟಾರ್ 1944ರ ಜೂನ್ 5ರವರೆಗಿನ ಹಾರಾಟಕ್ಕೆ, ಫ್ರಾನ್ಸ್ ಅಂಡ್ ಜರ್ಮನಿ ಸ್ಟಾರ್ ಅದರ ಮರುದಿನದಿಂದಾಚೆಗೆ. ಬರ್ಮಾ ಸ್ಟಾರ್ ಕಂಡರೆ ಹುಡುಕಾಟವನ್ನು ಪೂರ್ವಕ್ಕೆ ತಿರುಗಿಸಿ. ಪದಕ ಇಲ್ಲದಿದ್ದರೆ ಅನುಮಾನ ಬೇಡ; ಯುದ್ಧದ ನಂತರ ಅರ್ಜಿ ಹಾಕಿ ತರಿಸಿಕೊಳ್ಳಬೇಕಿತ್ತು, ಎಷ್ಟೋ ತಂದೆತಾಯಿ ಹಾಕಲೇ ಇಲ್ಲ. ಬ್ರಿಟನ್ ಕೊಟ್ಟ ಈ ಸ್ಟಾರ್‌ಗಳ ಮೇಲೆ ಹೆಸರು ಕೆತ್ತುತ್ತಿರಲಿಲ್ಲ. ಯಾರದ್ದು ಎಂದು ಹೇಳುವುದು ಜೊತೆಗೆ ಬಂದ ಚಿಕ್ಕ ಚೀಟಿ ಮತ್ತು ವಿಳಾಸ ಬರೆದ ರಟ್ಟಿನ ಪೆಟ್ಟಿಗೆ ಮಾತ್ರ. ಪದಕಗಳನ್ನು ಚೌಕಟ್ಟಿಗೆ ಹಾಕಿಸುವಾಗ ಆ ಪೆಟ್ಟಿಗೆಯನ್ನು ಎಸೆಯಬೇಡಿ, ಚೀಟಿಯನ್ನು ಚೌಕಟ್ಟಿನ ಹಿಂಬದಿಯಲ್ಲೇ ಒಂದು ಲಕೋಟೆಯಲ್ಲಿ ಸೇರಿಸಿ.